ಕಿರಿಮಂಜೇಶ್ವರದ ಕಟ್ಟು

"ಈ ಅರವತ್ತು ವರ್ಷಗಳಲ್ಲಿ ಒಂದೇ ಒಂದು ಅಪೀಲಿನ ಗಡುವೂ ನಮ್ಮ ಕೈತಪ್ಪಿಲ್ಲ," ಎಂದು ಓದಿ ಸೌಜನ್ಯ ತಲೆಯೆತ್ತಿದಳು. "ಇದ್ ಸರಿಯಾ ಶೀನಣ್ಣ?"

ಕುಂದಾಪುರದ ಆ ವಕೀಲರ ಆಫೀಸಿನ ಚರಿತ್ರೆ ಬರೆಯುವ ಕೆಲಸ ಅವಳ ಪಾಲಿಗೆ ಬಂದಿತ್ತು. ಅಜ್ಜ ಜವಳಿ ಅಂಗಡಿಯ ಅಟ್ಟದಲ್ಲಿ ಒಂದು ಮೇಜು ಹಾಕಿ ಕುಳಿತದ್ದು, ಅಪ್ಪ ಯತೀಶರು ಬೈಂದೂರಿನಲ್ಲಿ, ಆಮೇಲೆ ಬ್ರಹ್ಮಾವರದಲ್ಲಿ ಶಾಖೆ ತೆರೆದದ್ದು, ಎಲ್ಲವನ್ನೂ ಚಂದ ಮಾಡಿ ಬರೆದಿದ್ದಳು. ಕೇಳಿ ಹೂಂಗುಟ್ಟುವುದಷ್ಟೇ ನಲವತ್ತು ವರ್ಷದಿಂದ ಅಲ್ಲಿ ಗುಮಾಸ್ತನಾಗಿದ್ದ ಶೀನನ ಕೆಲಸ. ಹೂಂ ಎನ್ನುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಇವತ್ತು ಮಾತ್ರ ಅವನು ಹೂಂ ಎನ್ನಲಿಲ್ಲ.

"ಒಂದ್ ತಪ್ಪಿದ್ದಿತ್," ಎಂದ.

ಕಡತದ ಕಟ್ಟಿನ ಮೇಲೆ ಕಕ್ಷಿದಾರರ ಹೆಸರಲ್ಲ, ಅವರ ಊರಿನ ಹೆಸರು ಬರೆಯುವುದು ಆ ಆಫೀಸಿನ ಪದ್ಧತಿ. ಬೈಂದೂರು ಶಾಖೆ ತೆರೆದ ವಾರ ಶೀನನೇ ಬಡಗಣ ಊರುಗಳ ಕಟ್ಟುಗಳನ್ನೆಲ್ಲ ಆರಿಸಿ ಜೀಪಿಗೆ ತುಂಬಿಸಿದ್ದ. ಕೆಳಗಿನ ಕೋರ್ಟಿನಲ್ಲಿ ಮನೆಯ ದಾವೆ ಸೋತಿದ್ದ ಕಿರಿಮಂಜೇಶ್ವರದ ತಿಮ್ಮನ ಅಪೀಲಿನ ಕಟ್ಟೂ, ಗಡುವಿಗೆ ಆರೇ ದಿನ ಇರುವಾಗ, ಅವುಗಳ ಜೊತೆ ಹೋಯಿತು. ಅಪೀಲನ್ನು ಕುಂದಾಪುರದಲ್ಲೇ ಹಾಕಿಯಾಗಿದೆ ಎಂದು ಬೈಂದೂರಿನವರು, ಅಲ್ಲಿಂದ ಹಾಕುತ್ತಾರೆ ಎಂದು ಇವನು ತಿಳಿದುಕೊಂಡರು. ಗೊತ್ತಾಗುವಾಗ ನಾಲ್ಕು ತಿಂಗಳು ಕಳೆದಿತ್ತು. ತಡವಾಯಿತೆಂಬ ಒಂದೇ ಕಾರಣಕ್ಕೆ ಕೋರ್ಟು ಅಪೀಲನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಕಡಲ ಬದಿಯ ಮನೆ ದಾಯಾದಿಗಳ ಪಾಲಾಯಿತು. ಅಪೀಲೂ ಸೋತಿತು ಎಂದಷ್ಟೇ ಯತೀಶರು ತಿಮ್ಮನಿಗೂ ಅವನ ಹೆಂಡತಿ ವನಜಳಿಗೂ ಹೇಳಿದರು. ಪಕ್ಕದಲ್ಲಿ ನಿಂತಿದ್ದ ಶೀನ ಬಾಯಿ ಬಿಡಲಿಲ್ಲ.

ಇದನ್ನೆಲ್ಲ ಕೇಳಿ ಸೌಜನ್ಯ ಆ ಸಾಲು ಹೊಡೆದುಹಾಕಿದಳು. ಶೀನನಿಗೆ ಅದರಿಂದ ಸಮಾಧಾನವಾಗಲಿಲ್ಲ. ಪುಸ್ತಕದಲ್ಲಿ ಒಂದು ಸಾಲು ಕಡಿಮೆಯಾದರೆ ಯಾರಿಗೆ ಏನು ಸಿಕ್ಕಿತು? ಮಧ್ಯಾಹ್ನ ರಜೆ ಹೇಳಿ, ವನಜ ಈಗ ಇರುವ ತೆಕ್ಕಟ್ಟೆಯ ಬಸ್ಸು ಹತ್ತಿದ.

ವನಜ ಬಾಡಿಗೆ ಕೋಣೆಯ ಹೊರಗೆ ಒಣಮೀನು ಮಗುಚುತ್ತಿದ್ದಳು. ಶೀನ ಒಂದನ್ನೂ ಬಿಡದೆ ಹೇಳಿದ. ಬೈಯುತ್ತಾಳೆಂದು ಕಾದ, ಬೈದಿದ್ದರೆ ಚೆನ್ನಾಗಿತ್ತು.

"ಹಾಂಗಾರೆ ನನ್ನ ಸಾಕ್ಷಿ ಅಪೀಲ್ ಕೋರ್ಟಿನವ್ರ್ ಓದ್ಲೇ ಇಲ್ಯಾ?"

"ಇಲ್ಲೆ."

"ನಾನ್ ಕಟಕಟೆಯಂಗೆ ನಿಂತ್ ತಡವರ್ಸಿದ್ದಕ್ಕೇ ಅಪೀಲೂ ಹೋಯ್ತ್, ಮನಿ ಹೋಯ್ತ್ ಅಂದ್ಕಂಡ್ ಇವ್ರ್ ಹನ್ನೆರಡ್ ವರ್ಷ ನನ್ನತ್ರ ಸಮ ಮಾತಾಡ್ಲಿಲ್ಲೆ. ಹಾಂಗೇ ಹೋದ್ರ್."

ಶೀನನಿಗೆ ಇದು ಗೊತ್ತಿರಲಿಲ್ಲ. ಮನೆಯೊಂದೇ ಹೋಯಿತೆಂದು ಇಷ್ಟು ವರ್ಷ ತಿಳಿದಿದ್ದ. ವನಜ ಕೈ ತೊಳೆದು ಅವನನ್ನು ಒಳಗೆ ಕರೆದಳು. ಗೋಡೆಯಲ್ಲಿ ತಿಮ್ಮನ ಪಟವಿತ್ತು. ಅದರ ಗಾಜನ್ನು ಸೆರಗಿನಿಂದ ಒರೆಸಿದಳು.

"ಇದ್ನ ಇವ್ರಿಗೂ ಒಂದ್ಸಲ ಹೇಳಿ, ಶೀನಣ್ಣ," ಎಂದು ಪಕ್ಕಕ್ಕೆ ಸರಿದು ಅವನಿಗೆ ನಿಲ್ಲಲು ಜಾಗ ಕೊಟ್ಟಳು.