ಹಲಗೆ ತಟ್ಟುವ ರಾಜವ್ವನ ದೋಣಿ

ರೋಣದ ಕಟ್ಟಿಗೆ ಅಡ್ಡೆಯ ರಾಜೇಶ್ವರಿ, ಎಲ್ಲರ ಬಾಯಲ್ಲಿ ರಾಜವ್ವ, ಯಾರ ಮನೆಗೆ ಹೋದರೂ ಮೊದಲು ಮಾತನಾಡಿಸುವುದು ಮನೆಯವರನ್ನಲ್ಲ, ಬಾಗಿಲನ್ನು. ಬಲಗೈಯ ನಡುಬೆರಳನ್ನು ಮಡಚಿ, ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿಯನ್ನು ವಾರೆ ಮಾಡಿ, ಹಲಗೆಯೊಳಗಿಂದ ಯಾರೋ ಗುಟ್ಟು ಹೇಳಿದರೆಂಬಂತೆ ತಲೆದೂಗುತ್ತಾಳೆ. ಒಳಗಿನವರು ಬಾಗಿಲು ತೆರೆದು 'ಬರ್ರಿ' ಅನ್ನುವಷ್ಟರಲ್ಲಿ ಆ ಬಾಗಿಲಿನ ಜಾತಕ ಅವಳ ಕೈಯಲ್ಲಿರುತ್ತದೆ. ಒಮ್ಮೆ ತಂಗಿಯ ಮಗಳಿಗೆ ವರ ನೋಡಲು ನರಗುಂದಕ್ಕೆ ಬಂದವಳು, ಬೀಗರಾಗಬೇಕಾದವರ ಹೊಸ ಮಂಚವನ್ನು ತಟ್ಟಿ, "ಹೊರಗ ಸಾಗವಾನಿ, ಒಳಗ ಬರೇ ಹೊಟ್ಟು" ಅಂದುಬಿಟ್ಟಳು. ಆ ಸಂಬಂಧ ಅಲ್ಲಿಗೇ ಮುರಿಯಿತು. ಅವಳ ಗಂಡ ಗುರುಪಾದ ಪೇಟೆಯಲ್ಲಿ ಕಡಲೆ ವ್ಯಾಪಾರ ಮಾಡುವ ನಗೆಮುಖದ ಮನುಷ್ಯ. ಬಂದವರಿಗೆಲ್ಲ ಈ ಕಥೆ ಹೇಳದೆ ಚಹಾ ಕೊಡುವುದಿಲ್ಲ. ನನಗಂತೂ ಮೇಲೊಂದು ಮಾತು ಸೇರಿಸಿಯೇ ಹೇಳುತ್ತಾನೆ.

"ಲಗ್ನದಾಗ ನನ್ನ ತಲೀನೂ ತಟ್ಟಿ ನೋಡಿದ್ಲರಿ ಅರ್ಜುನಪ್ಪ ಕಾಕಾ. ಪೊಳ್ಳ ಐತಿ ಅಂತ ಖಾತ್ರಿ ಆದ ಮ್ಯಾಲೇ ತಾಳಿ ಕಟ್ಟಿಸಿಕೊಂಡ್ಲು."

"ಪೊಳ್ಳ ಇದ್ದದ್ದಕ್ಕ ಇಷ್ಟ ದಿನಾ ತೇಲಾಕತ್ತೀರಿ" ಎಂದು ಒಳಗಿನಿಂದ ಉತ್ತರ ಬರುತ್ತದೆ.

ಇಲಕಲ್ ಸೀರೆಯ ಮೇಲೆ ಅವಳು ತನ್ನ ತಂದೆಯ ಹಳೆಯ ಖಾಕಿ ಕೋಟು ತೊಡುತ್ತಾಳೆ. ತೋಳು ಮೂರು ಮಡಿಕೆ, ತುರುಬಿನಲ್ಲಿ ಬಡಿಗನ ಪೆನ್ಸಿಲ್ಲು, ಎರಡೂ ಕಿಸೆ ತುಂಬ ಬಟ್ಟೆ ಒಣಹಾಕುವ ಕಟ್ಟಿಗೆ ಕ್ಲಿಪ್ಪು. ನಡಿಗೆಯಂತೂ ಊರಿಗೇ ಗುರುತು. ಚಿಕ್ಕಂದಿನಿಂದ ಉದ್ದನೆಯ ಹಲಗೆಗಳನ್ನು ಹೆಗಲ ಮೇಲೆ ಹೊತ್ತು ಅಡ್ಡೆಯೊಳಗೆ ಅಡ್ಡಾಡಿದವಳು. ಹಿಂದಿನ ತುದಿ ಯಾರಿಗಾದರೂ ಬಡಿದೀತೆಂದು ಮೂಲೆಗಳಲ್ಲಿ ಇಡೀ ಮೈ ನಿಧಾನವಾಗಿ ತಿರುಗಿಸುವ ರೂಢಿ. ಹೆಗಲು ಖಾಲಿ ಇದ್ದರೂ, ಬಸ್ ನಿಲ್ದಾಣದ ಗದ್ದಲದಲ್ಲಿದ್ದರೂ, ಅವಳು ಹಾಗೆಯೇ ತಿರುಗುತ್ತಾಳೆ. ಕಾಣದ ಹಲಗೆಯೊಂದಕ್ಕೆ ಜನ ತಾವಾಗಿಯೇ ದಾರಿ ಬಿಡುತ್ತಾರೆ.

ಈ ಹೆಣ್ಣುಮಗಳು ದೋಣಿಯ ಹುಚ್ಚಿಗೆ ಬಿದ್ದದ್ದು ಒಂದು ಮಾತಿನಿಂದ. ಗಜೇಂದ್ರಗಡದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಆಫ್ತಾಬ, ರಿಮೋಟಿನಿಂದ ಓಡುವ ಕೆಂಪು ಫೈಬರಿನ ರೇಸ್ ದೋಣಿಯೊಂದನ್ನು ಎಲ್ಲಿಂದಲೋ ತರಿಸಿ, ಅದನ್ನು ಇಡಲು ಪೆಟ್ಟಿಗೆ ಮಾಡಿಸಬೇಕೆಂದು ಅಡ್ಡೆಗೆ ತಂದಿದ್ದ. ಇಂಥ ದೋಣಿ ನೀರನ್ನು ಸೀಳಿಕೊಂಡು ಹೋಗುವುದಿಲ್ಲ. ಮುಂದೆ ಎರಡು ಪಾದ, ಹಿಂದೆ ತಿರುಗುವ ಫ್ಯಾನು. ಈ ಮೂರು ಕಡೆ ಮಾತ್ರ ನೀರು ಮುಟ್ಟುತ್ತ, ಉಳಿದ ಮೈಯನ್ನು ಗಾಳಿಗೆ ಕೊಟ್ಟು, ಕಾದ ಹಂಚಿನ ಮೇಲೆ ಬಿದ್ದ ನೀರಿನ ಹನಿಯಂತೆ ಹಾರುತ್ತದೆ. ರಾಜವ್ವ ಅದನ್ನು ತಟ್ಟಿ ನೋಡಿದಳು.

"ಇದು ಮಾತಾಡೂದಿಲ್ಲಲ್ಲೋ ಆಫ್ತಾಬ."

"ಮಾತಾಡೂದು ಯಾಕ ಬೇಕ್ರಿ ಅಕ್ಕಾರ, ಓಡತೈತಲ್ಲ. ಕಟ್ಟಿಗಿ ಕಾಲ ಮುಗೀತ್ರಿ."

ಅವನು ನಗುತ್ತಲೇ ಹೇಳಿದ್ದ. ಆದರೆ ಹೊಸ ಮನೆಗಳಿಗೆಲ್ಲ ಕಬ್ಬಿಣದ ಬಾಗಿಲು, ಪ್ಲಾಸ್ಟಿಕ್ಕಿನ ಕಿಟಕಿ ಬಂದು, ಅಡ್ಡೆಯ ಗರಗಸ ದಿನವಿಡೀ ಗೋಣು ಹಾಕಿ ಕೂತಿರುತ್ತಿದ್ದ ದಿನಗಳವು. ಮಾತು ಹೋಗಿ ಎಲ್ಲಿ ನಾಟಬಾರದೋ ಅಲ್ಲೇ ನಾಟಿತು. "ಪೆಟಿಗಿ ಆಮ್ಯಾಲೆ. ಮೊದಲ ನಿನ್ನ ಇದಕ್ಕ ಎದುರ ನನ್ನ ಕಟ್ಟಿಗಿ ಓಡಸ್ತೀನಿ. ಸೋತರ ಇದ ಬಾಯಿಲೆ ಊರ ಮುಂದ 'ಕಟ್ಟಿಗಿ ಕಾಲ ಮುಗೀತು' ಅಂತೀನಿ" ಅಂದಳು.

ಮರುದಿನವೇ ನರಗುಂದಕ್ಕೆ ನನಗೆ ಕರೆ ಬಂತು. ನಾನು ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ಮುಖ ನೋಡಿದವನಲ್ಲ. ಆದರೆ ಮಲಪ್ರಭೆಯ ಈಚೆ ದಂಡೆಯಲ್ಲಿ ನನ್ನ ಕೈಯಲ್ಲಿ ಬಾಯಿ ಬಿಡದ ಪಂಪಿಲ್ಲ, ನಾನು ತಂತಿ ಸುತ್ತದ ಮೋಟರಿಲ್ಲ. ಆ ಧೈರ್ಯದಿಂದಲೇ ಹೋಗಿ, ಮುಷ್ಟಿಯಲ್ಲಿ ಅಡಗುವಷ್ಟು ಸಣ್ಣ ಮೋಟರನ್ನು ಕೈಯಲ್ಲಿ ಹಿಡಿದು, ಇದೇನು ಆಟಿಕೆ ಎಂದುಕೊಂಡು ಚಾಲೂ ಮಾಡಿದೆ. ಅದು ಕಣಜದ ಹುಳದಂತೆ ಗುಂಯ್ಯೆಂದು ನನ್ನ ಅಂಗೈಯನ್ನೇ ತಿರುವಿ ಹಾಕಿತು. ಈ ವಯಸ್ಸಿನಲ್ಲಿ ಮೈಯೆಲ್ಲ ಜುಮ್ಮೆಂದದ್ದು ಅಂದೇ.

ಮೊದಲನೆಯ ದೋಣಿಯನ್ನು ಅವಳು ಸಾಗವಾನಿಯಲ್ಲೇ ಮಾಡಿದಳು. ದೇವರ ಜಗಲಿಯಷ್ಟು ಚೆಂದ, ಜಗಲಿಯಷ್ಟೇ ಭಾರ. "ಒಳಗ ಒಂದಿಷ್ಟ ತರ್ಮಾಕೋಲ್ ತುಂಬವಾ, ಮಗಚಿದ್ರ ತೇಲತೈತಿ" ಅಂದೆ. ಅವಳು ನನ್ನನ್ನು ಮೇಲೆ ಕೆಳಗೆ ನೋಡಿದಳು.

"ಕಾಕಾ, ಕಟ್ಟಿಗಿಗೆ ಈಜ ಕಲಸ್ತೀರೇನು?"

ಅಡ್ಡೆಯವರಿಗೇ ಬರುವ ಭ್ರಮೆ ಅದು. ಹುಟ್ಟಿದಂದಿನಿಂದ ಕಟ್ಟಿಗೆ ನೀರಲ್ಲಿ ತೇಲಿದ್ದನ್ನು ನೋಡಿದವರಿಗೆ, ಅದರ ಹೊಟ್ಟೆಯಲ್ಲಿ ಮೋಟರು ಬ್ಯಾಟರಿ ಇಟ್ಟ ಮೇಲೆ ಅದು ಬರೀ ಕಟ್ಟಿಗೆಯಲ್ಲ ಎಂಬುದು ಹೊಳೆಯುವುದಿಲ್ಲ. ಮುಶಿಗೇರಿಯ ಹಾಲಸಿದ್ದಪ್ಪನ ಹೊಲದ ಕೃಷಿ ಹೊಂಡದಲ್ಲಿ ಬಿಟ್ಟೆವು. ಮೊದಲನೆಯ ತಿರುವಿನಲ್ಲೇ ಮಗಚಿ, ಗುಳುಗುಳು ಎಂದು, ತಣ್ಣಗೆ ತಳ ಸೇರಿತು. ತೆಗೆಯುವಂತೆಯೂ ಇಲ್ಲ. ಆ ಹೊಂಡಕ್ಕೆ ಸುತ್ತ ಕರಿ ಪ್ಲಾಸ್ಟಿಕ್ ಹಾಸಿದೆ. ಕಾಲಿಟ್ಟರೆ ಬೆಣ್ಣೆಯಂತೆ ಜಾರುತ್ತದೆ, ಇಳಿದವನು ಹತ್ತಿ ಬರುವುದು ದೇವರ ಕೈಯಲ್ಲಿ. ಹಾಲಸಿದ್ದಪ್ಪನ ಕರಾರು ಒಂದೇ: "ದೋಣಿ ಮುಳುಗಿದ್ರ ದೋಣಿ ಹೋತು. ಮನುಷ್ಯಾ ನೀರಿಗೆ ಇಳಿಯಂಗಿಲ್ಲ." ಬೇಸಿಗೆಯಲ್ಲಿ ನೀರು ಬತ್ತಿದ ಮೇಲೆ ಕೊಕ್ಕೆ ಹಾಕಿ ಎಳೆದೆವು. ಅವಳು ಕೆಸರೊರೆಸಿ ತಟ್ಟಿ ನೋಡಿ, "ಬಾಯಿ ಹೋಗೇತಿ ಇದಕ್ಕ" ಎಂದು ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡಳು.

ಎರಡನೆಯದನ್ನು ಕಟ್ಟಿದ ಸಂಭ್ರಮವನ್ನು ಏನು ಹೇಳಲಿ! ಸಾಗವಾನಿಯ ಸೊಕ್ಕು ಬಿಟ್ಟು, ಬೆರಳಿನಿಂದ ಬಾಗುವಷ್ಟು ತೆಳುವಾದ ಪ್ಲೈವುಡ್ಡು ತಂದಳು. ಒಳಗಿನ ಪಟ್ಟಿಗಳಿಗೆ ಹತ್ತಿಯಷ್ಟು ಹಗುರವಾದ ಹಾಲವಾಣದ ಕಟ್ಟಿಗೆ. ಹಲಗೆಯನ್ನು ಬಿಸಿನೀರಿನ ಬಟ್ಟೆಯಿಂದ ನೆನೆಸಿ, ಬಾಗಿಸಿ, ಅಂಟು ಹಚ್ಚಿ, ಕಿಸೆಯ ಕ್ಲಿಪ್ಪುಗಳನ್ನೆಲ್ಲ ಅಂಚಿಗೆ ಸಾಲಾಗಿ ಕಚ್ಚಿಸಿದಾಗ ದೋಣಿ ಮುಳ್ಳುಹಂದಿಯಂತೆ ಕಾಣುತ್ತಿತ್ತು. ಗುರುಪಾದನ ಒದ್ದೆ ಅಂಗಿಗಳು ವಾರವಿಡೀ ಹಗ್ಗದಿಂದ ಹಾರಿ ಹೋದವು. ಎರಡೂ ಪಾದಗಳಲ್ಲಿ, ಮೂತಿಯಲ್ಲಿ, ಬಾಲದಲ್ಲಿ ತರ್ಮಾಕೋಲನ್ನು ಅಚ್ಚುಕಟ್ಟಾಗಿ ಕೊಯ್ದು, ಸಂದಿಗೊಂದಿ ಬಿಡದೆ, ಹೋಳಿಗೆಗೆ ಹೂರಣ ತುಂಬುವಂತೆ ತುಂಬಿದಳು. ಎಣ್ಣೆಬಣ್ಣ ತಾಗಿದರೆ ಅದು ಕರಗಿ ಹೋಗುತ್ತದೆಂದು ಮೊದಲೇ ಒಂದು ಚೂರಿನ ಮೇಲೆ ನೋಡಿ, ಮರದ ಮೈಗೆ ಹೊರಗೆ ಮಾತ್ರ ಬಣ್ಣ ಕೊಟ್ಟಳು. ಬ್ಯಾಟರಿ ಎಲ್ಲಿಡಬೇಕೆಂಬ ಜಗಳ ಬಂದಾಗ ಬಂಡಿಯ ಲೆಕ್ಕವೇ ನಮ್ಮನ್ನು ಕಾಯಿತು. ಬಂಡಿಗೆ ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂಭಾರವಾದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ. ದೋಣಿಯೂ ಹಾಗೆಯೇ: ಹಿಂಭಾರವಾದರೆ ಮೂತಿಯ ಕೆಳಗೆ ಗಾಳಿ ಹೊಕ್ಕು ಎತ್ತಿ ಬೋರಲು ಒಗೆಯುತ್ತದೆ. ಬೆರಳಗಲ ಮುಂದೆ, ಬೆರಳಗಲ ಹಿಂದೆ ಸರಿಸಿ ಸರಿಸಿ ತೂಕ ಹಿಡಿದೆವು.

ಪಂದ್ಯದ ಬೆಳಿಗ್ಗೆ ಹೊಂಡ ತುಂಬಿ ಕನ್ನಡಿಯಾಗಿತ್ತು. ಎಣ್ಣೆಯ ಬಿಳಿ ಡಬ್ಬಿ ಮೂರನ್ನು ಕಲ್ಲು ಕಟ್ಟಿ ತೇಲಿಬಿಟ್ಟಿದ್ದರು. ಅವುಗಳನ್ನು ಮೂರು ಸುತ್ತು ಹಾಕಿ, ದಂಡೆಯಿಂದ ದಂಡೆಗೆ ಕಟ್ಟಿದ ಹಗ್ಗದ ಕೆಳಗೆ ಮೊದಲು ದಾಟಿದವರದು ಗೆಲುವು. ಬೇಲಿಗೆ ಆತುಕೊಂಡು ಅರ್ಧ ಮುಶಿಗೇರಿ ನಿಂತಿತ್ತು. ಹಾಲಸಿದ್ದಪ್ಪ ರುಮಾಲು ಬೀಸಿದ. ಆಹಾ! ಎರಡೂ ದೋಣಿ ಹಿಂದೆ ನೀರಿನ ಕೋಳಿಪುಕ್ಕ ಎಬ್ಬಿಸುತ್ತ ಹಾರಿದವು. ರಾಜವ್ವನ ದೋಣಿ ತಿರುವಿನಲ್ಲಿ ಥೇಟ್ ಅವಳಂತೆಯೇ ಇಡೀ ಮೈ ತಿರುಗಿಸಿಕೊಂಡು ಹೊರಳಿದ್ದನ್ನು ನೋಡಿ ನಾನು ಬೇಲಿಯ ತಂತಿ ಹಿಡಿದು ಕುಣಿದೆ. ಎರಡನೆಯ ಸುತ್ತು ಮುಗಿಯುವಾಗ ಅರ್ಧ ಹೊಂಡದಷ್ಟು ಮುಂದಿದ್ದಳು. ಆಗಲೇ ಆಫ್ತಾಬನ ದೋಣಿಯ ಮುಚ್ಚಳ ಕಿತ್ತು ಹಾರಿತು. ನೀರು ನುಗ್ಗಿ, ಮೋಟರು ನಿಂತು, ಬಾಲ ಇಳಿಯತೊಡಗಿತು. ನಡುಹೊಂಡ. ಇಳಿಯುವಂತಿಲ್ಲ. ಹುಡುಗ ರಿಮೋಟನ್ನು ಎದೆಗವಚಿಕೊಂಡು, "ಹೋತು ಕಾಕಾ, ಹೋತು" ಎಂದು ಕಲ್ಲಾದ.

ರಾಜವ್ವ ಒಂದು ಚಣ ಹಗ್ಗದ ಕಡೆ ನೋಡಿದಳು. ಆಮೇಲೆ ವೇಗ ಇಳಿಸಿ, ತನ್ನ ದೋಣಿಯನ್ನು ಹೊರಳಿಸಿ, ಮುಳುಗುವ ದೋಣಿಯ ಪಕ್ಕೆಗೆ ಮೂತಿ ಹಚ್ಚಿ, ಎಮ್ಮೆ ತನ್ನ ಕರುವನ್ನು ದಬ್ಬುವಂತೆ ಮೆಲ್ಲಗೆ ದಂಡೆಗೆ ದಬ್ಬಿಕೊಂಡು ಬಂದಳು.

"ಯವ್ವಾ, ಒಂದ ಸುತ್ತ ಹಾಕಿದ್ರ ಗೆಲ್ಲತಿದ್ದೆಲ್ಲ!" ನಾನು ಕೂಗಿದೆ.

"ಮುಳುಗಿದವನ ಮ್ಯಾಲ ಗೆದ್ದರ ನಾಳೆ ಏನಂತಾನ ಗೊತ್ತೇನ್ರಿ? 'ಮುಚ್ಚಳ ಹಾರಿತ್ತು, ಅದಕ್ಕ ಸೋತೆ' ಅಂತಾನ. ಅವಂಗ ನೆವ ಉಳಸಂಗಿಲ್ಲ ನಾ."

ಆಫ್ತಾಬ ದೋಣಿ ಬಿಚ್ಚಿ ನೀರು ಚೆಲ್ಲಿ, ಬಿಸಿಲಿಗೆ ಹಿಡಿದು, ಬೇರೆ ಬ್ಯಾಟರಿ ಹಾಕಿದ. ರಾಜವ್ವ ಕೋಟಿನಿಂದ ಉಳಿದ ತರ್ಮಾಕೋಲ್ ತೆಗೆದು, ಅವನು ಬೇಡವೆಂದರೂ ಕೇಳದೆ, ಕೊಯ್ದು ಕೊಯ್ದು ಅದರ ಹೊಟ್ಟೆಗೆ ತುರುಕತೊಡಗಿದಳು. ಅಷ್ಟರಲ್ಲಿ ಗಜೇಂದ್ರಗಡದ ಗುಡ್ಡದ ಕಡೆಯಿಂದ ಗಾಳಿ ಎದ್ದಿತು. ಕನ್ನಡಿಯಂಥ ನೀರು ಸುಕ್ಕುಗಟ್ಟಿತು. "ರಾಜವ್ವ, ಗಾಳಿಗೆ ನಮ್ಮದ ಹಗುರ ಐತಿ, ಬೋರಲ ಬೀಳತೈತಿ. ಇವತ್ತ ಬ್ಯಾಡ" ಅಂದೆ.

"ಅವನ ಹೊಟ್ಟಿ ತುಂಬಿಸಿ ಕುಂಡರಿಸೀನಿ ಕಾಕಾ, ಈಗ ಏಳು ಅನ್ನಲೇನು?"

ಹಾಲಸಿದ್ದಪ್ಪ ಮತ್ತೆ ರುಮಾಲು ಬೀಸಿದ. ಈ ಸಲ ಆಫ್ತಾಬ ಬಿಡಲಿಲ್ಲ. ಅವನದು ತುಸು ಭಾರ, ಗಾಳಿಗೆ ಗಟ್ಟಿಯಾಗಿ ಕೂತಿತ್ತು. ನಮ್ಮದು ಪ್ರತಿ ಅಲೆಗೂ ಎಗರುತ್ತಿತ್ತು. ಕೊನೆಯ ಸುತ್ತಿನಲ್ಲಿ ಎರಡೂ ಭುಜಕ್ಕೆ ಭುಜ ಹಚ್ಚಿ ಹಗ್ಗದತ್ತ ಬಂದವು. "ಬಿಡು, ಬಿಡು, ಪೂರಾ ಬಿಡು!" ಎಂದು ಗುರುಪಾದ, ಕಡಲೆಯ ವ್ಯಾಪಾರ ಬಿಟ್ಟು ಬಂದವನು, ಹೆಂಡತಿಯ ಕೋಟಿನ ಬಾಲ ಹಿಡಿದು ಜಗ್ಗುತ್ತಿದ್ದ. ಅವಳು ಪೂರಾ ಬಿಟ್ಟಳು. ಮೂತಿ ಎದ್ದಿತು, ಗಾಳಿ ಹೊಕ್ಕಿತು. ದೋಣಿ ನೀರು ಬಿಟ್ಟು ಆಕಾಶದಲ್ಲಿ ಒಂದು ಗಿರಕಿ ಹೊಡೆದು, ಬೋರಲಾಗಿ ದಪ್ಪನೆ ಬಿದ್ದು, ಬಿದ್ದ ರಭಸಕ್ಕೆ ಸಾಬೂನಿನ ಚೂರಿನಂತೆ ಜಾರಿ, ಕೆಂಪು ದೋಣಿಗಿಂತ ಗೇಣು ಮುಂದೆ ಹಗ್ಗದ ಕೆಳಗೆ ದಾಟಿ ಹೋಯಿತು. ಮುಳುಗಲಿಲ್ಲ. ತಳ ಮೇಲೆ ಮಾಡಿಕೊಂಡು ತಣ್ಣಗೆ ತೇಲುತ್ತ ನಿಂತಿತು.

ಬೇಲಿಯಾಚೆ ಗದ್ದಲವೋ ಗದ್ದಲ. ಬೋರಲು ಬಿದ್ದದ್ದು ಗೆದ್ದಂತೆಯೋ ಅಲ್ಲವೋ? ಹಾಲಸಿದ್ದಪ್ಪ ಕೈ ಎತ್ತಿದ. ಹರೆಯದಲ್ಲಿ ಖಾಲಿ ಬಂಡಿ ಓಡಿಸುವ ಶರ್ಯತ್ತುಗಳಲ್ಲಿ ಹಲ್ಲು ಮುರಿಸಿಕೊಂಡ ಮನುಷ್ಯ. "ನಮ್ಮ ಬಂಡಿ ಶರ್ಯತ್ತಿನಾಗ ಏನ ನೋಡತಿದ್ವಿ? ನೊಗ ಗೆರಿ ದಾಟಿತೋ ಇಲ್ಲೋ ಅಷ್ಟ. ಬಂಡಿ ಬಿದ್ದಿರಲಿ, ಹೊಡಿಯಾಂವ ಬಿದ್ದಿರಲಿ. ಮೂತಿ ದಾಟೇತಿ. ರಾಜವ್ವಂದ ಗೆಲುವು."

ಆಫ್ತಾಬ ತನ್ನ ದೋಣಿಯನ್ನು ತಿರುಗಿಸಿ, ಬೋರಲು ಬಿದ್ದದ್ದನ್ನು ತಾನೇ ದಬ್ಬಿಕೊಂಡು ದಂಡೆಗೆ ತಂದ. "ಮುಗದಿಲ್ಲರಿ ಅಕ್ಕಾರ, ಕಟ್ಟಿಗಿ ಕಾಲ ಮುಗದಿಲ್ಲ" ಎಂದು ಊರ ಮುಂದೆ ಕೂಗಿಯೇ ಹೇಳಿದ. ಅವಳು ಮೊದಲು ತನ್ನದನ್ನು ತಟ್ಟಿ ಕೇಳಿ ತಲೆದೂಗಿದಳು. ಆಮೇಲೆ ಕೆಂಪು ದೋಣಿಯನ್ನೂ ತಟ್ಟಿ, "ಹೊಟ್ಟಿ ತುಂಬಿದ ಮ್ಯಾಲ ಇದಕ್ಕೂ ಒಂಚೂರ ದನಿ ಬಂದೈತಿ" ಅಂದಳು. ಮುಖ ಮಾತ್ರ ಗಂಟಾಗಿಯೇ ಇತ್ತು. "ಬೋರಲ ಬಿದ್ದ ಗೆದ್ದದ್ದ ಗೆಲುವೇನೋ? ಅಮಾಸಿ ಕಳದ ಮ್ಯಾಲ, ಗಾಳಿ ಇಲ್ಲದಾಗ, ಮತ್ತೊಮ್ಮಿ ಬಾ."

"ಗೆದ್ದವರಂಗ ಮುಖಾನಾದ್ರೂ ಮಾಡ್ರಿ ಅಕ್ಕಾರ!"

ಅಂದಿನಿಂದ ಜನ ಅವಳನ್ನು ದೊಡ್ಡ ಮನಸ್ಸಿನವಳು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಇಂಥವರು ನಮ್ಮ ಎರೆ ನೆಲದಲ್ಲಿ ಆಗಾಗ ಹುಟ್ಟುತ್ತಾರೆ. ನಾನು ಕಂಡಂತೆ ಅವರಷ್ಟು ಆಸೆಬುರುಕರು ಬೇರೆ ಇಲ್ಲ. ಅರ್ಧ ಗೆಲುವು ಅವರ ಗಂಟಲಲ್ಲಿ ಇಳಿಯುವುದಿಲ್ಲ. ಎದುರಾಳಿ ಮುಳುಗಿದರೆ ಅವನ ಸಂಗಡ ತಮ್ಮ ಗೆಲುವೂ ತಳ ಸೇರಿತೆಂದು ಅವರಿಗೆ ಗೊತ್ತು. ಅದಕ್ಕೇ ಅವನನ್ನು ದಂಡೆಗೆ ಎಳೆದು ತಂದು, ಒರೆಸಿ, ಹೊಟ್ಟೆ ತುಂಬಿಸಿ, ಮತ್ತೆ ಎದುರಿಗೆ ನಿಲ್ಲಿಸಿಕೊಳ್ಳುತ್ತಾರೆ. ಅದು ದಯೆಯಲ್ಲ, ಹಟ. ಆದರೆ ಲೋಕದ ಎಷ್ಟೋ ದಯೆಗಿಂತ ಆ ಹಟವೇ ಮೇಲು. ಅಂಥವರ ಎದುರು ಸೋತವನು ಒಣ ಬಟ್ಟೆಯಲ್ಲಿ ಮನೆಗೆ ಹೋಗುತ್ತಾನೆ.