ಗಿರಿಜವ್ವನ ಸೈಕಲ್ಲು, ಮಂದಾಕಿನಿಯ ಓಟ

ನಾನು ಒಂದು ಲೇಡೀಸ್ ಸೈಕಲ್ಲು. ನನ್ನ ಹ್ಯಾಂಡಲ್, ಚಕ್ರ, ಚೈನು ಎಲ್ಲವೂ ಉತ್ತರದ ಯಾವುದೋ ಕಾರ್ಖಾನೆಯಲ್ಲಿ ಬೇರೆ ಬೇರೆಯಾಗಿ ತಯಾರಾದವು. ಕಂದು ಕಾಗದ ಸುತ್ತಿಕೊಂಡು ಗೂಡ್ಸ್ ರೈಲಿನಲ್ಲಿ ಹುಬ್ಬಳ್ಳಿಗೆ ಬಂದೆ. ಅಲ್ಲಿಯ ಅಂಗಡಿಯೊಂದರಲ್ಲಿ ಮೇಸ್ತ್ರಿ ನನ್ನನ್ನು ಜೋಡಿಸಿ, ಹಿಂದಿನ ಚಕ್ರ ಎತ್ತಿ ಒಮ್ಮೆ ಗಿರ್ರನೆ ತಿರುಗಿಸಿದ. ಆ ಗಳಿಗೆಯನ್ನೇ ನಾನು ನನ್ನ ಹುಟ್ಟು ಎಂದುಕೊಂಡಿದ್ದೇನೆ.

ಮೊದಲು ನನ್ನನ್ನು ಕೊಂಡವರು ಧಾರವಾಡದ ಒಬ್ಬ ಗುಮಾಸ್ತರು, ಕಾಲೇಜಿಗೆ ಹೋಗುವ ಮಗಳು ಇಂದುಮತಿಗಾಗಿ. ಅವಳು ಹೆದರುಪುಕ್ಕಲಿ. ಇಳಿಜಾರು ಬಂದರೆ ಇಳಿದು ನನ್ನನ್ನು ತಳ್ಳಿಕೊಂಡು ಹೋಗುತ್ತಿದ್ದಳು. ಮದುವೆಯಾಗಿ ಅವಳು ಸಾಂಗ್ಲಿಗೆ ಹೋದ ಮೇಲೆ ಗುಮಾಸ್ತರು ನನ್ನನ್ನು ಗಿರಿಜವ್ವನಿಗೆ ಮಾರಿದರು.

ಗಿರಿಜವ್ವ ಸರಕಾರಿ ನರ್ಸು. ಸುತ್ತಲಿನ ಹಳ್ಳಿಗಳಿಗೆ ಹೋಗಿ ಕೂಸುಗಳಿಗೆ ಲಸಿಕೆ ಹಾಕುವುದು, ಬಸುರಿಯರನ್ನು ನೋಡುವುದು ಅವಳ ಕೆಲಸ. ನನ್ನ ಕ್ಯಾರಿಯರ್ ಮೇಲೆ ಲಸಿಕೆಯ ನೀಲಿ ಡಬ್ಬಿ ಕಟ್ಟಿಕೊಂಡು, ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ ಹೊರಟಳೆಂದರೆ ಕೆಸರು, ಕಲ್ಲು ಯಾವುದನ್ನೂ ಲೆಕ್ಕಕ್ಕಿಡುತ್ತಿರಲಿಲ್ಲ. ನಮ್ಮನ್ನು ಕಂಡೊಡನೆ ಹುಡುಗರು ಸೂಜಿಗೆ ಹೆದರಿ ಕಣಜದ ಹಿಂದೆ ಅಡಗುತ್ತಿದ್ದರು. ಗಂಡ ತೀರಿಕೊಂಡ ಮೇಲೂ, ಮಗನನ್ನು ಓದಿಸುವಾಗಲೂ ಅವಳು ನನ್ನನ್ನು ಬದಲಿಸಲಿಲ್ಲ. ನಿವೃತ್ತಿಯಾದ ದಿನ ಕೊರಳಲ್ಲಿ ಹಾರ ಹಾಕಿಕೊಂಡೇ ನನ್ನ ಮೇಲೆ ಮನೆಗೆ ಬಂದಳು. ಮರುದಿನದಿಂದ ನಾನು ಬಚ್ಚಲುಮನೆಯ ಗೋಡೆಗೆ ಒರಗಿದೆ. ಗಾಳಿ ಇಳಿಯಿತು. ನನ್ನ ಸೀಟಿನ ಮೇಲೆ ಬಕೆಟ್ಟು ಬೋರಲು ಬಿತ್ತು. ಗಿರಿಜವ್ವನೂ ಹಾಗೇ ಆದಳು. ಕಟ್ಟೆಯ ಮೇಲೆ ಕೂತು ರಸ್ತೆ ನೋಡುವುದೇ ಅವಳ ದಿನಚರಿಯಾಯಿತು.

ಸೊಸೆ ಮಂದಾಕಿನಿ ಗ್ರಂಥಾಲಯದಲ್ಲಿ ನೌಕರಿ ಮಾಡುತ್ತಿದ್ದಳು. ನೌಕರರ ಕ್ರೀಡಾಕೂಟದಲ್ಲಿ ಗೆಳತಿಯರ ಒತ್ತಾಯಕ್ಕೆ ಒಮ್ಮೆ ಓಡಿದಳು. ಬಹುಮಾನವೇನೂ ಬರಲಿಲ್ಲ, ಆದರೆ ಓಟ ಅವಳಿಗೆ ಹಿಡಿಸಿಬಿಟ್ಟಿತು. ಬಸ್ ಕಂಡಕ್ಟರ್ ಆದ ಗಂಡ ಮುಂಜಾನೆಯ ಪಾಳಿಗೆ ಹೋದ ಮೇಲೆ, ಮಕ್ಕಳು ಏಳುವುದರೊಳಗೆ, ಕೆಲಗೇರಿ ಕೆರೆಯ ಕಡೆ ಓಡಿ ಬರತೊಡಗಿದಳು. ಒಂದು ದಿನ ಬೇಗನೆ ವಾಪಸಾದಳು. ಮೊದಲು ನಾಯಿಗಳು ಅಟ್ಟಿಸಿಕೊಂಡು ಬಂದಿದ್ದವು. ಆಮೇಲೆ ಬೈಕಿನ ಮೇಲೆ ಇಬ್ಬರು ಏನೇನೋ ಅನ್ನುತ್ತ ಬೆನ್ನು ಹತ್ತಿದ್ದರು. ಇನ್ನು ಓಡುವುದು ಸಾಕು ಎಂದು ಅತ್ತೆಯ ಮುಂದೆ ಹೇಳಿ ಒಳಗೆ ಹೋದಳು.

ಗಿರಿಜವ್ವ ಕಟ್ಟೆಯಿಂದ ಎದ್ದಳು. ನನ್ನ ಮೇಲಿನ ಬಕೆಟ್ಟು ತೆಗೆದಳು, ಸೀಮೆಎಣ್ಣೆಯಲ್ಲಿ ಚೈನು ತೊಳೆದಳು, ಹೊಸ ಟೈರು ಹಾಕಿಸಿಕೊಂಡು ಬಂದಳು. ಮರುದಿನ ಬೆಳಕು ಹರಿಯುವ ಮುಂಚೆ ಸ್ವೆಟರ್ ತೊಟ್ಟು, ಹ್ಯಾಂಡಲಿಗೆ ಅಡ್ಡವಾಗಿ ಒಂದು ಬೇವಿನ ಬಡಿಗೆ ಕಟ್ಟಿ ಗೇಟಿನ ಹತ್ತಿರ ನಿಂತಳು.

“ನಡಿ, ಹೊತ್ತಾತು.”

“ಅತ್ತಿ, ಜನಾ ಏನಂದಾರು?”

“ಜನಾ ಇನ್ನೂ ಮಲಗ್ಯಾರ.”

ಅಂದಿನಿಂದ ಮೂವರೂ ಹೊರಟೆವು. ಮುಂದೆ ಮಂದಾಕಿನಿ, ಹಿಂದೆ ನಾವು. ನಾಯಿಗಳಿಗೆ ಬಡಿಗೆಯ ಗುರುತು ಬೇಗ ಸಿಕ್ಕಿತು. ಬೈಕಿನವರೂ ಒಮ್ಮೆ ಎದುರಾದರು. ಗಿರಿಜವ್ವ ನನ್ನನ್ನು ರಸ್ತೆಗೆ ಅಡ್ಡ ನಿಲ್ಲಿಸಿ, ಯಾರ ಮಕ್ಕಳು, ಯಾವ ಓಣಿ ಎಂದು ಸಾವಧಾನವಾಗಿ ವಿಚಾರಿಸಿದಳು. ಅವರು ಮತ್ತೆ ಆ ಕಡೆ ಬರಲಿಲ್ಲ. ಗಿರಿಜವ್ವನ ಮುಖದಲ್ಲಿ ಹಳೆಯ ಕಳೆ ಬಂತು. ನನಗೂ ಮೈ ಹಗುರಾಯಿತು.

ಊರಿನಲ್ಲಿ ವರ್ಷಕ್ಕೊಮ್ಮೆ ಹತ್ತು ಕಿಲೋಮೀಟರಿನ ಓಟ ನಡೆಯುತ್ತಿತ್ತು. ಮಂದಾಕಿನಿಗೆ ಗೆಲ್ಲುವ ಆಸೆ ಇರಲಿಲ್ಲ. ಒಂದು ತಾಸಿನೊಳಗೆ ಮುಗಿಸಬೇಕು ಎಂಬುದೊಂದೇ ಅವಳ ಆಸೆ. ಮೊದಲ ವರ್ಷ ತಾಸು ದಾಟಿ ಸ್ವಲ್ಪ ಹೆಚ್ಚಾಯಿತು. ವರ್ಷವಿಡೀ ಬೆವರು ಸುರಿಸಿದಳು. ಎರಡನೆಯ ವರ್ಷವೂ ಅಷ್ಟೇ ಆಯಿತು. ನನ್ನ ಮೈಯಲ್ಲಿ ಇರುವುದೇ ಇಷ್ಟು ಅಂತ ಕಾಣುತ್ತದೆ ಎಂದು ನಕ್ಕಳು. ಆದರೆ ಆ ವಾರ ಓಡಲೂ ಹೋಗಲಿಲ್ಲ, ಬೂಟೂ ತೊಳೆಯಲಿಲ್ಲ.

ಮತ್ತೆ ಓಟ ಶುರುವಾದ ಮೇಲೆ ಒಂದು ಮುಂಜಾನೆ, ಏರಿನ ಬುಡದಲ್ಲಿ ನನ್ನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಗಿರಿಜವ್ವ ಮೋರಿಯ ಕಟ್ಟೆಯ ಮೇಲೆ ಕೂತು, ನೀನು ಕೆರೆಯ ತನಕ ಹೋಗಿ ಬಾ ಎಂದಳು. ಮಂದಾಕಿನಿ ಹೊರಟಳು. ನಾವಿಬ್ಬರೂ ನೋಡುತ್ತಲೇ ಇದ್ದೆವು. ಅವಳು ಏರು ಹತ್ತಿ ಮರೆಯಾದ ವೇಗ ನಾನು ಹಿಂದೆಂದೂ ಕಂಡದ್ದಲ್ಲ. ಗಿರಿಜವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುವಷ್ಟರಲ್ಲಿ ಮಂದಾಕಿನಿ ತಿರುಗಿ ಬಂದಂತೆ ನನಗೆ ಅನಿಸಿತು. ಮುಖ ಕೆಂಪಾಗಿತ್ತು.

“ಇವತ್ತ ಏನಾತೋ ಏನೋ ಅತ್ತಿ, ಕಾಲು ತಾವಾಗೇ ಓಡಿದ್ವು” ಎಂದಳು.

ಆಗ ನನಗೆ ಒಂದೊಂದೇ ನೆನಪಾಯಿತು. ಏರು ಬಂದೊಡನೆ ಗಿರಿಜವ್ವನ ಪೆಡಲು ಭಾರವಾಗುತ್ತಿತ್ತು. ಸರಿಯಾಗಿ ಅಲ್ಲಿಯೇ ಮಂದಾಕಿನಿ ಮಾತು ತೆಗೆಯುತ್ತಿದ್ದಳು. ಬದನೆಕಾಯಿ ಏಣಗಾಯಿ ಮಾಡುವುದೋ ಬೇಡವೋ, ಸಣ್ಣವನಿಗೆ ಗಣಿತ ಯಾಕೆ ಹತ್ತುವುದಿಲ್ಲ, ಇಂಥವೇ ಮಾತು. ಮಾತಾಡುತ್ತ ಅವಳ ಹೆಜ್ಜೆ ನಿಧಾನವಾಗುತ್ತಿತ್ತು. ದಣಿದಿದ್ದಾಳೆ ಎಂದುಕೊಂಡಿದ್ದೆ. ದಣಿದವರು ನಾವು.

ಗಿರಿಜವ್ವನಿಗೂ ಅದೇ ಹೊಳೆದಿತ್ತು. ಸಂಜೆ ಅಂಗಳದಲ್ಲಿ ಟ್ಯೂಬಿಗೆ ತೇಪೆ ಒತ್ತುತ್ತ, ಬಟ್ಟೆ ತೆಗೆಯಲು ಬಂದ ಸೊಸೆಯನ್ನು ನಿಲ್ಲಿಸಿದಳು.

“ಮಂದಾ, ಏರು ಬಂದ ಕೂಡ್ಲೆ ನೀ ಮಾತು ಯಾಕ ಚಾಲೂ ಮಾಡ್ತಿ?”

“ಹಂಗೇನಿಲ್ಲ ಅತ್ತಿ.”

“ನಾ ಹಿಂದ ಉಳೀತೀನಂತ ನೀ ಸಾವಕಾಶ ಓಡ್ತಿ. ದಿನಾ ಹಿಂಗ ಓಡಿದ್ರ ತಾಸಿನ್ಯಾಗ ಹೆಂಗ ಮುಗೀತದ? ಇಷ್ಟ ದಿನಾ ನನಗ ತಿಳೀಲೇ ಇಲ್ಲ ನೋಡು.”

ಮಂದಾಕಿನಿ ಒಣಗಿದ ಬಟ್ಟೆಗಳನ್ನು ಎದೆಗೆ ಅವಚಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: “ನೀವು ಬರದಿದ್ರ ನಾ ಯಾವಾಗೋ ಬಿಟ್ಟಿರ್ತಿದ್ದೆ. ನಿಮ್ಮನ್ನ ಹಿಂದ ಬಿಟ್ಟು ಓಡಾಕ ನನಗ ಮನಸ್ಸು ಬರೂದಿಲ್ಲ.”

“ನಾ ಎಲ್ಲಿ ಹೋಗ್ತೀನಿ? ಆ ಮೋರಿ ಹಂತ್ಯಾಕ ನಿಂತಿರ್ತೀನಿ. ನೀ ಓಡು.”

ಸೊಸೆ ಒಳಗೆ ಹೋದ ಮೇಲೂ ಗಿರಿಜವ್ವ ನನ್ನ ಸೀಟಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದಳು. ಆ ಬೆಳಗುಗಳಿಗಾಗಿಯೇ ಅವಳು ಹಿಂದಿನ ದಿನ ಬೇಗ ಉಂಡು ಮಲಗುತ್ತಿದ್ದಳು. ಅದನ್ನು ನನ್ನಷ್ಟು ಬಲ್ಲವರು ಯಾರೂ ಇಲ್ಲ.

ಮಾರನೆಯ ದಿನದಿಂದ ನಾವು ಬಡಿಗೆ ಸಮೇತ ಮೋರಿಯ ಹತ್ತಿರ ನಿಂತೆವು. ಅಲ್ಲಿಂದ ಎರಡೂ ಕಡೆಯ ರಸ್ತೆ ಕಾಣುತ್ತಿತ್ತು. ಮಂದಾಕಿನಿ ಮೊದಮೊದಲು ಹಿಂದಿರುಗಿ ನೋಡುತ್ತಿದ್ದಳು. ಗಿರಿಜವ್ವ ಬೇಕೆಂದೇ ಬೇರೆ ಕಡೆ ಮುಖ ಮಾಡುತ್ತಿದ್ದಳು. ಕ್ರಮೇಣ ನೋಡುವುದು ನಿಂತಿತು, ಓಟ ಬಿಚ್ಚಿಕೊಂಡಿತು.

ಮೂರನೆಯ ವರ್ಷದ ಓಟದ ದಿನ ನಾವು ಒಳಗಿನ ಓಣಿಗಳಿಂದ ಹಾದು, ಮುಕ್ತಾಯಕ್ಕೆ ಮುಂಚಿನ ಕೊನೆಯ ಏರಿಗೆ ಬಂದೆವು. ಎಲ್ಲರೂ ದಾರಿಯ ಬದಿಗೆ ಕಟ್ಟಿದ ಹಗ್ಗಕ್ಕೆ ಒತ್ತಿಕೊಂಡು ನಿಂತು ತಮ್ಮವರನ್ನು ಕರೆಯುತ್ತಿದ್ದರು. ಗಿರಿಜವ್ವ ಮಾತ್ರ ಕಬ್ಬಿನ ಹಾಲಿನ ಗಾಡಿಯ ಹಿಂದೆ ಸರಿದು ನಿಂತಳು. ಮಂದಾಕಿನಿ ಕಾಣಿಸಿಕೊಂಡಳು. ಬಾಯಿ ತೆರೆದಿತ್ತು, ಕುತ್ತಿಗೆಯ ನರ ಎದ್ದಿದ್ದವು, ಕಣ್ಣು ಮಾತ್ರ ಎರಡೂ ಬದಿಯ ಜನರಲ್ಲಿ ಯಾರನ್ನೋ ಹುಡುಕುತ್ತಿತ್ತು. ಯಾರದೋ ಮೈ ತಾಗಿ ನಾನು ಅಲುಗಾಡಿದೆ. ಗಿರಿಜವ್ವ ಸಟ್ಟನೆ ನನ್ನ ಬೆಲ್ಲು ಸದ್ದು ಮಾಡದಂತೆ ಅದನ್ನು ಅಂಗೈಯಿಂದ ಬಿಗಿಯಾಗಿ ಹಿಡಿದಳು.  ಮಂದಾಕಿನಿ ನಮ್ಮ ಮುಂದಿನಿಂದಲೇ ಹಾದು ಏರು ಹತ್ತಿದಳು.

ಆಮೇಲೆ ಅವಳೇ ನಮ್ಮನ್ನು ಹುಡುಕಿಕೊಂಡು ಬಂದಳು. ಕೊರಳಲ್ಲಿ ಓಟ ಮುಗಿಸಿದವರಿಗೆಲ್ಲ ಕೊಡುವ ಪದಕ, ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು. ತಾಸಿಗೆ ಇನ್ನೂ ಸ್ವಲ್ಪ ಇರುವಾಗಲೇ ಮುಗಿಸಿದ್ದಳು. ಅದನ್ನು ಹೇಳುವುದು ಬಿಟ್ಟು ಅವಳು ಕೇಳಿದ್ದು ಬೇರೆ.

“ಎಲ್ಲಿದ್ರಿ ಅತ್ತಿ? ದಾರಿ ತುಂಬ ನೋಡಿದೆ.”

“ಇಲ್ಲೇ ಇದ್ದೆ.”

“ಒಮ್ಮೆ ಕರೀಬೇಕಿಲ್ಲೇನು?”

“ನಾ ಕರದ್ರ ನೀ ನಿಂತ್ಬಿಡ್ತಿದ್ದಿ.”

ಮಂದಾಕಿನಿ ನನ್ನ ಹ್ಯಾಂಡಲ್ ಮೇಲೆ ತಲೆಯಿಟ್ಟು ಅತ್ತಳು. ಗಿರಿಜವ್ವ ಅವಳ ಬೆನ್ನಿಗೆ ಅಂಟಿದ್ದ ಒದ್ದೆ ಅಂಗಿಯನ್ನು ಬಿಡಿಸುತ್ತ, ಥಂಡಿ ಹತ್ತುತ್ತದೆ, ಮೊದಲು ಮನೆಗೆ ನಡಿ ಎಂದು ಗದರಿದಳು.

ಇದೆಲ್ಲ ಆಗಿ ವರ್ಷಗಳಾದವು. ನನ್ನ ಬಣ್ಣ ಹೋಗಿ ತುಕ್ಕು ಕಾಣುತ್ತಿದೆ, ಬ್ರೇಕು ಹಿಡಿಯುವುದಿಲ್ಲ. ಗಿರಿಜವ್ವನಿಗೆ ಮೊಣಕಾಲು ನೋವು, ನನ್ನ ಮೇಲೆ ಕೂರಲಾರಳು. ಗುಜರಿಯವನು ಎರಡು ಸಲ ಬಂದು ನನ್ನನ್ನು ಕೇಳಿದ. ಇಬ್ಬರೂ ಕೊಡಲಿಲ್ಲ. ಕೈಗೋಲು ಹಿಡಿದರೆ ಮುದುಕಿಯಂತೆ ಕಾಣುತ್ತೇನೆ ಎಂದು ಗಿರಿಜವ್ವ ಬೆಳಿಗ್ಗೆ ನನ್ನ ಹ್ಯಾಂಡಲ್ ಹಿಡಿದು ನಡೆಯುತ್ತಾಳೆ. ಮಂದಾಕಿನಿ ತನ್ನ ಓಟ ಮುಗಿಸಿ ಬಂದು, ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿ, ನನ್ನ ಇನ್ನೊಂದು ಬದಿಗೆ ಸೇರಿಕೊಳ್ಳುತ್ತಾಳೆ. ಹಾಲಿನವನು, ಪೇಪರಿನವನು, ಶಾಲೆಯ ಆಟೋ ಎಲ್ಲರೂ ನಮ್ಮನ್ನು ದಾಟಿ ಹೋಗುತ್ತಾರೆ. ಜನರನ್ನು ಹೊತ್ತು ಒಯ್ಯುವುದಕ್ಕೇ ನಾನು ಹುಟ್ಟಿದ್ದು ಎಂದುಕೊಂಡಿದ್ದೆ. ಈಗ ಇಬ್ಬರ ನಡುವೆ ಖಾಲಿ ಸೀಟಿನೊಂದಿಗೆ ಉರುಳುತ್ತ, ಇಷ್ಟು ನಿಧಾನವಾಗಿ ಹೋಗುವುದರಲ್ಲೂ ಇಷ್ಟು ಸುಖವಿದೆಯೇ ಎಂದು ಬೆರಗಾಗುತ್ತೇನೆ.