ಮಧ್ಯಾಹ್ನದ ಪರಿಮಳ

ದೊನ್ ಅಬೆಲಾರ್ದೊ ಬಗ್ಗಿ ನಿಂತು, ತೂಗುತ್ತಿದ್ದ ಕೆಂಪು ಹೂವಿನ ಬಾಯಿಗೆ ಮೂಗು ತಂದು, ಕಣ್ಣು ಮುಚ್ಚಿಕೊಂಡು "ಆಹಾ!" ಎಂದರು.

"ನಿಜವಾಗ್ಲೂ ಬರ್ತಿದೆಯಾ?" ಎಂದಳು ದೆಲ್ಫಿನಾ.

"ಇದೇನು ಹಿಂಗೆ ಕೇಳ್ತೀರಿ ದೊನ್ಯಾ ದೆಲ್ಫಿನಾ! ನಿಂಬೆಹಣ್ಣು ಹೆಚ್ಚಿದ ಹಾಗೆ ಘಮ್ ಅಂತಿದೆ. ಕ್ವೆಂಕಾ ದಾರೀಲಿ ಅಷ್ಟು ವರ್ಷ ಬಸ್ ಓಡಿಸಿದೀನಿ, ಎಷ್ಟು ಅಂಗಳದ ಗುವಾಂಟೊ ನೋಡಿದೀನಿ. ಇಂಥದ್ದು ಎಲ್ಲೂ ಕಂಡಿಲ್ಲ, ದೇವರಾಣೆ."

ಪಕ್ಕದ ಮನೆಯ ಈ ನಿವೃತ್ತ ಡ್ರೈವರ್ ಬಂದದ್ದು ಏಣಿ ಕೇಳಲು. ಏಣಿಯನ್ನು ಹೆಗಲಿಗೇರಿಸಿಕೊಂಡು ಗೇಟು ದಾಟುವಾಗಲೂ ಒಂದು ಸಲ ತಿರುಗಿ "ಆಹಾ" ಎಂದೇ ಹೋದರು.

ದೆಲ್ಫಿನಾಳಿಗೆ ಎದೆ ತುಂಬಿ ಬಂತು. ಹಿಂದಿನ ಸಂಜೆ ಟೀಚರ್ ಲೊಯೋಲಾ ಕೂಡ ಇದೇ ಗಿಡದ ಕೆಳಗೆ ನಿಂತು ತಲೆದೂಗಿದ್ದರು. ಅವರ ಮೂಗಿಗೆ ಅದು ವೆನಿಲ್ಲಾದ ಹಾಗಿತ್ತು. ಇಬ್ಬರು ಹೇಳಿದ ಮೇಲೆ ಇನ್ನೇನು ಬೇಕು? ಅವಳು ಗುದ್ದಲಿ ತೆಗೆದುಕೊಂಡು ಗೋಡೆಯ ಮೂಲೆಗೆ ಹೋದಳು. ಅಲ್ಲಿ ಕೆಂಪು ಗಿಡದ ಮಗ್ಗುಲಲ್ಲೇ, ಒಂದೇ ಕಾಯಿಯಿಂದ ಹುಟ್ಟಿದ ಅದರ ಒಡಹುಟ್ಟು ನಿಂತಿತ್ತು. ಅದರ ಹೂವಿಗೆ ಒಗೆದು ಒಗೆದು ಬಣ್ಣಗೆಟ್ಟ ಬಟ್ಟೆಯಂಥ ಹಳದಿ. ಅಂಚು ಸುಕ್ಕು. ನೋಡಿದವರು ಹೊಗಳಲು ಏನೂ ಸಿಗದೆ "ಎಲೆ ಚೆನ್ನಾಗಿದೆ" ಎನ್ನುತ್ತಿದ್ದರು. ಆ ಮೂಲೆಯಲ್ಲಿ ಒಂದಕ್ಕೇ ಜಾಗ. ಗುವಾಂಟೊ ನೀರಿಗೆ ಬಕಾಸುರ. ಎರಡನ್ನೂ ಬಿಟ್ಟರೆ ಎರಡೂ ಸೊರಗುತ್ತವೆ. ಅವಳು ಹಳದಿಯ ಬುಡದ ಸುತ್ತ ಬೇರು ಕಡಿಯತೊಡಗಿದಳು.

ಅರ್ಧ ಸುತ್ತು ಬಂದಿರಬೇಕು, ಇಗರ್ಜಿಯ ಹನ್ನೆರಡರ ಗಂಟೆ ಹೊಡೆಯಿತು. ಗುದ್ದಲಿ ಅಲ್ಲೇ ನಿಂತಿತು.

ಮಧ್ಯಾಹ್ನ!

ದತ್ತೂರಿಯ ದೊಡ್ಡಕ್ಕನಂಥ ಗಿಡ ಗುವಾಂಟೊ. ಗೇಣುದ್ದದ ಹೂಗಳು ಕಹಳೆಯನ್ನು ತಲೆಕೆಳಗೆ ತೂಗುಹಾಕಿದಂತೆ ಇಳಿಬಿದ್ದಿರುತ್ತವೆ. ಪರಿಮಳವಿರುವ ಜಾತಿಯೂ ಅದನ್ನು ಬಿಡುವುದು ಹೊತ್ತು ಮುಳುಗುವಾಗ. ಹಗಲಲ್ಲಿ ಮೂಗನ್ನೇ ಒಳಗೆ ತುರುಕಿದರೂ ಏನೂ ಸಿಗುವುದಿಲ್ಲ. ಹಾಗಿದ್ದ ಮೇಲೆ ದೊನ್ ಅಬೆಲಾರ್ದೊಗೆ ಸಿಕ್ಕಿದ ನಿಂಬೆಹಣ್ಣು ಎಲ್ಲಿಯದು? ಟೀಚರ್ ಲೊಯೋಲಾ ಬಂದದ್ದು ಸಂಜೆಯೇ ನಿಜ. ಆದರೆ ಅವರು ನಿಂತ ಜಾಗದಿಂದ, ಸಂಜೆಗೆ ಘಮಘಮಿಸುವ ಆ ಬಿಳಿ ಗುವಾಂಟೊ ಎಷ್ಟು ದೂರ? ಅವರ ಮೂಗಿಗೆ ಬಂದದ್ದು ಯಾವ ಗಿಡದ್ದು?

ಅವಳು ಗುದ್ದಲಿ ಊರಿಕೊಂಡು ನಿಂತುಬಿಟ್ಟಳು. ತಾನೇ ಒಂದು ಸಲ ಮೂಸಿ ನೋಡಿದರೆ ಮುಗಿಯುವ ವಿಷಯ ಇದು. ಅದೊಂದೇ ಅವಳ ಕೈಲಾಗದ್ದು.

ಆ ಅಂಗಳದಲ್ಲಿ ಅವಳ ಅಮ್ಮನ ಕಾಲದಿಂದ ಎರಡು ಗುವಾಂಟೊ ಇದ್ದವು. ಗೇಟಿನ ಬಳಿ ಕೆಂಪು, ನೀರಿನ ತೊಟ್ಟಿಯ ಬಳಿ ಬಿಳಿ. ಕೆಂಪಿಗೆ ವಾಸನೆಯೇ ಇಲ್ಲ; ಹಗಲಲ್ಲಿ ಮೈಗಿಂತ ಉದ್ದ ಕೊಕ್ಕಿನ ಪುಟ್ಟ ಹಕ್ಕಿ ಬಂದು, ಗಾಳಿಯಲ್ಲೇ ನಿಂತು, ಜೇನು ಕುಡಿದು ಹೋಗುತ್ತದೆ. ಬಿಳಿಗೆ ಬರುವವು ಕತ್ತಲಿನ ಪತಂಗಗಳು. ಒಂದರದು ಹಗಲು ಪಾಳಿ, ಇನ್ನೊಂದರದು ರಾತ್ರಿ ಪಾಳಿ. ಅಷ್ಟು ಹತ್ತಿರ ಇದ್ದೂ ಒಂದರ ಪರಾಗ ಇನ್ನೊಂದಕ್ಕೆ ತಲುಪಲಿಲ್ಲ. ಮಕ್ಕಳು ದೊಡ್ಡವರಾದ ಮೇಲೆ ದೆಲ್ಫಿನಾ ರಾತ್ರಿಶಾಲೆಗೆ ಸೇರಿದಾಗ ಟೀಚರ್ ಲೊಯೋಲಾ ಪರಾಗದ ಪಾಠ ಮಾಡಿದರು. ಅವತ್ತು ಮನೆಗೆ ನಡೆದು ಬರುವಾಗ ಅವಳ ತಲೆಗೆ ಹೊಕ್ಕ ಆಸೆ ಮತ್ತೆ ಹೊರಗೆ ಹೋಗಲಿಲ್ಲ: ಅಮ್ಮನ ಕೆಂಪಿಗೆ ಬಿಳಿಯ ಪರಿಮಳ ಬರಬೇಕು.

ಹೂ ಬಿರಿಯುವ ಮೊದಲೇ ಮೊಗ್ಗು ಬಿಡಿಸಿ, ಅದರ ಕೇಸರಗಳನ್ನು ಕಿತ್ತು, ನಡುವಿನ ಕಡ್ಡಿಯ ತುದಿಗೆ ಇನ್ನೊಂದರ ಪುಡಿ ಸವರಿ, ಮತ್ತೆ ಬಾಯಿ ಕಟ್ಟಬೇಕು. ಟೋಪಿ ಹೆಣೆಯುವವಳಾದ್ದರಿಂದ ಟೊಕೀಯಾ ಹುಲ್ಲಿನ ಎಳೆಗಳು ಅವಳ ಕೈಗೆ ಸದಾ ಸಿಗುತ್ತಿದ್ದವು, ಅದರಲ್ಲೇ ಕಟ್ಟುತ್ತಿದ್ದಳು. ವರ್ಷಗಟ್ಟಲೆ ಕಾಯಿ ನಿಲ್ಲಲಿಲ್ಲ. ತಾನೇ ಏನೋ ತಪ್ಪು ಮಾಡುತ್ತಿದ್ದೇನೆಂದು ಹೋಗಿ ಟೀಚರನ್ನು ಕೇಳಿ, "ಮಾಡಿದ್ದು ಸರಿಯಾಗಿದೆ, ಮತ್ತೆ ಮಾಡಿ" ಎಂಬ ಅದೇ ಉತ್ತರ ಪಡೆದು ಬರುತ್ತಿದ್ದಳು. ಕೊನೆಗೊಂದು ಕಾಯಿ ನಿಂತಿತು. ಮೊಳೆತ ಸಸಿಗಳಲ್ಲಿ ಉಳಿದದ್ದು ಮೂಲೆಯ ಈ ಎರಡು, ಹೊಸ ಕೆಂಪು ಮತ್ತು ಹಳದಿ.

ಸಸಿಗಳು ಗೇಣುದ್ದ ಇದ್ದಾಗಲೇ ಲೋಕಕ್ಕೆಲ್ಲ ಬಂದ ಆ ಜ್ವರ ಅವಳಿಗೂ ಬಂತು. ಜ್ವರ ಇಳಿಯಿತು, ಮೂಗು ಮರಳಲಿಲ್ಲ. ನಾಳೆ ಬಂದೀತು, ಬರುವ ತಿಂಗಳು ಬಂದೀತು ಎಂದು ಕಾಯುತ್ತ ಅವಳು ಯಾರಿಗೂ ಹೇಳಲಿಲ್ಲ. ಕೇರಿಯಲ್ಲಿ ನಾಮಕರಣವಾಗಲಿ, ಹಬ್ಬವಾಗಲಿ, ದೊಡ್ಡ ಪಾತ್ರೆ ಒಲೆಗೇರಿದರೆ ಕರೆ ಬರುತ್ತಿದ್ದುದು ಅವಳಿಗೆ. ಮೂಗಿಲ್ಲದ ಅಡುಗೆಯವಳನ್ನು ಯಾರು ಕರೆದಾರು?

ಈ ಸಲದ ಕಾರ್ನಿವಲ್‌ಗೆ ಅವಳೇ ಮೋತೆ ಪಾತ ಸಾರು ಮಾಡಿದಳು. ಮೆಕ್ಕೆಜೋಳ, ಹಂದಿಮಾಂಸ, ಮೇಲೆ ಅರೆದ ಕುಂಬಳಬೀಜ. ಬೀಜ ಹಾಕಿದ ಮೇಲೆ ತಳ ಹಿಡಿಯಲು ಹೆಚ್ಚು ಹೊತ್ತು ಬೇಡ. ಬಡಿಸಿದಾಗ ಎಲ್ಲರೂ ತಿಂದರು, ಎಲ್ಲರೂ "ಎಷ್ಟು ರುಚಿ!" ಎಂದರು. ಮೇಜಿನ ಕೊನೆಯಲ್ಲಿ ಕೂತಿದ್ದ ಒಬ್ದೂಲಿಯಾ ಮಾತ್ರ ಚಮಚ ಕೆಳಗಿಟ್ಟಳು. "ಸೀದಿದೆ ಕೊಮಾದ್ರೆ. ಇದನ್ನ ಹಂದಿಗೂ ಹಾಕೋ ಹಾಗಿಲ್ಲ, ಅದರ ನೆಂಟನೇ ಒಳಗಿದಾನೆ."

ಎಲ್ಲರೂ ನಕ್ಕರು. ದೆಲ್ಫಿನಾ ನಗಲಿಲ್ಲ. ಒಬ್ದೂಲಿಯಾ ಅವಳ ಮಗಳನ್ನು ದೀಕ್ಷಾಸ್ನಾನಕ್ಕೆ ಎತ್ತಿ ಹಿಡಿದವಳು. ಅವತ್ತಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಬೀಗಿತ್ತಿಗಿಂತ ಹತ್ತಿರ, ಒಡಹುಟ್ಟಿದವಳಿಗಿಂತ ಒಂದೇ ಮೆಟ್ಟಿಲು ದೂರ. ಕಾರ್ನಿವಲ್ ಮುಗಿದ ಮೇಲೆ ಇಬ್ಬರ ನಡುವೆ ಮಾತಿಲ್ಲ.

ಗುದ್ದಲಿ ಹಿಡಿದು ನಿಂತ ದೆಲ್ಫಿನಾ ಕೇರಿಯ ಒಬ್ಬೊಬ್ಬರನ್ನೂ ನೆನೆಸಿಕೊಂಡಳು. ಒಳ್ಳೆಯ ಜನ. ಮನೆಗೆ ಬಂದು "ಚೆನ್ನಾಗಿಲ್ಲ" ಎನ್ನುವವರು ಅವರಲ್ಲಿ ಯಾರೂ ಇಲ್ಲ. ಸೀದ ಸಾರನ್ನು ರುಚಿ ಎಂದವರು ವಾಸನೆಯಿಲ್ಲದ ಹೂವನ್ನು ಆಹಾ ಎನ್ನದೆ ಇರುತ್ತಾರೆಯೇ? ಅವಳ ಸಾರು ಸೀದಿದೆ ಎಂದವಳು ಒಬ್ಬಳೇ.

ಹೊತ್ತು ಇಳಿಯುವವರೆಗೆ ಕಾದು, ಕೆಂಪಿನದೊಂದು ಹಳದಿಯದೊಂದು ಹೂ ಕೊಯ್ದು, ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಳು. ಕಿತ್ತು ಹಾಕುವ ಹಳದಿ ಯಾಕೆ ಎಂದು ತನಗೇ ಅನ್ನಿಸಿತು. ಆದರೆ ಹೋಲಿಸಲು ಇನ್ನೊಂದಿಲ್ಲದಿದ್ದರೆ ಅದು ಪರೀಕ್ಷೆಯೇ ಅಲ್ಲ ಎಂದು ಟೀಚರ್ ಹೇಳಿಕೊಟ್ಟಿದ್ದರು. ಬಿಳಿ ಗಿಡದ ಗಾಳಿ ಒಬ್ದೂಲಿಯಾಳ ಮನೆಯವರೆಗೆ ಬರುವುದಿಲ್ಲ ಎನ್ನುವುದನ್ನೂ ಯೋಚಿಸಿದ್ದಳು.

ಒಬ್ದೂಲಿಯಾ ಹೊಸ್ತಿಲ ಮೇಲೆ ಕೂತು ಟೋಪಿ ಹೆಣೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಕಾರ್ನಿವಲ್ ಆದಮೇಲೆ ನನ್ನ ಬಾಗಿಲ ಮುಂದೆ ನಿಮ್ಮ ಹೆಜ್ಜೆ ಓಡ್ತಿತ್ತು. ಇವತ್ತು ನಿಂತಿದೆ. ಯಾರಾದ್ರೂ ಸತ್ರಾ?"

"ಇಲ್ಲ ಕೊಮಾದ್ರೆ. ನಿಮ್ಮ ಮೂಗು ಬೇಕಿತ್ತು."

"ಮೂಗಾ? ಏಣಿ ಕೇಳ್ತಾರೆ, ಉಪ್ಪು ಕೇಳ್ತಾರೆ. ಮೂಗು ಕೇಳೋಕೆ ಬಂದಿದ್ದು ನೀವೇ ಮೊದಲು. ನಿಮ್ಮದಕ್ಕೇನಾಯ್ತು?"

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಕಲಸಿಹೋಯಿತು. "ಹೋಯ್ತು. ಆ ಜ್ವರದಲ್ಲೇ ಹೋಯ್ತು. ಸೋಪೂ ಒಂದೇ, ಸಗಣೀನೂ ಒಂದೇ ನನಗೆ."

ಒಬ್ದೂಲಿಯಾಳ ಬೆರಳು ನಿಂತವು. "ಹಾಗಾದ್ರೆ ಆ ಸಾರು..."

"ಹೂಂ."

"ಎಂಥ ಹೆಂಗಸಪ್ಪಾ! ಒಂದು ಮಾತು ಹೇಳಿದ್ರೆ ನಾನೇ ನಿಂತು ಸೌಟು ಆಡಿಸ್ತಿರ್ಲಿಲ್ವಾ?"

"ಹೇಳಿದ್ರೆ ಆಮೇಲೆ ಯಾರು ನನ್ನ ಅಡುಗೆಗೆ ಕರೀತಾರೆ?"

"ಸೀದಿದ್ದು ಬಡಿಸಿದ್ರೆ ಕರೀತಾರಾ? ಕೂತ್ಕೊಳ್ಳಿ ಇಲ್ಲಿ. ಏನದು ಶಾಲೊಳಗೆ, ಮೊಲ ಕದ್ದವರ ಹಾಗೆ?"

ಕ್ಷಮೆ ಕೇಳುವುದು ಒಬ್ದೂಲಿಯಾಳ ಅಭ್ಯಾಸವಲ್ಲ. ಆದರೆ ಹೊಸ್ತಿಲಲ್ಲಿ ಸರಿದು ಜಾಗ ಮಾಡಿದಳು. ದೆಲ್ಫಿನಾ ಪಕ್ಕದಲ್ಲಿ ಕೂತು, ಬಣ್ಣ ಕಾಣದಿರಲೆಂದು ಕಣ್ಣು ಮುಚ್ಚಲು ಹೇಳಿ, ಕೆಂಪು ಹೂವನ್ನು ಅವಳ ಮೂಗಿನ ಹತ್ತಿರ ಹಿಡಿದಳು.

"ಏನೂ ಇಲ್ಲ."

"ಇನ್ನೊಂದು ಸಲ."

"ಒದ್ದೆ ಎಲೆ. ನಿಮ್ಮ ಶಾಲು, ಅದನ್ನ ಒಗೀಬೇಕು. ಬೇರೇನೂ ಇಲ್ಲ."

ದೆಲ್ಫಿನಾ ಹೂವನ್ನು ಮಡಿಲಿಗೆ ಇಳಿಸಿದಳು. ಅಷ್ಟು ವರ್ಷದ ಕೆಂಪು. ಇಷ್ಟು ಸರಳವಾಗಿ ಇಲ್ಲ ಎನ್ನಬಹುದೆಂದು ಅವಳಿಗೆ ಹೊಳೆದಿರಲೇ ಇಲ್ಲ. ಎದ್ದು ಹೋಗಿಬಿಡೋಣ ಎನ್ನಿಸಿತು. ಆದರೆ ಹಿಡಿದ ಪರೀಕ್ಷೆಯನ್ನು ಅರ್ಧಕ್ಕೆ ಬಿಡುವುದು ಅವಳಿಂದಾಗದು. ಹಳದಿಯನ್ನು ಎತ್ತಿ ಹಿಡಿದಳು.

ಒಬ್ದೂಲಿಯಾ ಮುಖ ಮುಂದಕ್ಕೆ ಚಾಚಿದಳು.

"ಇದು ನಿಮ್ಮ ಬಿಳೀದಾ?"

"ಯಾಕೆ?"

"ಅದರದ್ದೇ ಹಾಗಿದೆ. ನೀರು ಬೆರೆಸಿ ಬೆರೆಸಿ ತೆಳ್ಳಗೆ ಮಾಡಿದ ಹಾಗೆ. ಜೋರಿಲ್ಲ ನೋಡಿ, ನಾನು ಸುಳ್ಳು ಹೇಳಲ್ಲ. ಆದ್ರೆ ಇದೆ."

ದೆಲ್ಫಿನಾ ಹೂಗಳನ್ನು ಅದಲುಬದಲು ಮಾಡಿ ಹಿಡಿದಳು. ಮತ್ತೊಮ್ಮೆ ಬದಲಿಸಿದಳು.

"ಮಕ್ಕಳಾಟ ಆಡಿಸ್ತಿದೀರಾ ನನ್ನ? ಇದು ಬರೀ ಎಲೆ. ಇದು ಆಗಿನ ತೆಳ್ಳಗಿನ ಘಮದ್ದೇ." ಒಬ್ದೂಲಿಯಾ ತಾಳ್ಮೆಗೆಟ್ಟು ಕಣ್ಣು ಬಿಟ್ಟಳು. "ಅಯ್ಯೋ ದೇವರೇ. ಈ ಕೊಳಕು ಹಳದೀನಾ?"

ದೆಲ್ಫಿನಾ ಆಗಲೇ ಎದ್ದಿದ್ದಳು. "ಕೊಮಾದ್ರೆ, ಅದರ ಬೇರು ಅರ್ಧ ಕಡಿದಿಟ್ಟು ಬಂದಿದೀನಿ!"

ಇಬ್ಬರೂ ಓಡಿದರು. ಒಬ್ದೂಲಿಯಾ ಬೈಯುತ್ತ ಮಣ್ಣು ಎಳೆದು ಮುಚ್ಚಿದಳು, ದೆಲ್ಫಿನಾ ತೊಟ್ಟಿಯಿಂದ ನೀರು ತಂದು ಸುರಿದಳು, ಅರ್ಧ ಕೊಂಬೆ ಸವರಿ ಗಿಡದ ಭಾರ ಇಳಿಸಿದಳು. ಕೆಲ ದಿನ ಎಲೆಗಳು ಜೋತುಬಿದ್ದವು. ದೆಲ್ಫಿನಾ ಬೆಳಿಗ್ಗೆ ಎದ್ದವಳೇ ಮೊದಲು ಅಲ್ಲಿಗೆ ಹೋಗುತ್ತಿದ್ದಳು. ದೊನ್ ಅಬೆಲಾರ್ದೊ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅವರು ಕೊಟ್ಟದ್ದು ಪ್ರೀತಿಯನ್ನೇ. ಪ್ರೀತಿಯನ್ನು ಉತ್ತರವೆಂದು ತಿಳಿದವಳು ತಾನು. ಮೂಗು ಹೋಗಿದ್ದನ್ನು ಮುಚ್ಚಿಟ್ಟು ಅವರನ್ನು ಸಾಕ್ಷಿಗೆ ಕರೆದರೆ ಅವರಾದರೂ ಏನು ಮಾಡಿಯಾರು?

ಹಳದಿ ಉಳಿಯಿತು, ಚಿಗುರಿತು, ಮೊಗ್ಗಿಟ್ಟಿತು. ಮೂಲೆ ಅದಕ್ಕೇ ಎಂದಾಯಿತು. ಕೆಂಪಿನ ಒಂದು ಕೊಂಬೆ ಕತ್ತರಿಸಿ ಒಬ್ದೂಲಿಯಾಳ ಹಿತ್ತಲಲ್ಲಿ ನೆಟ್ಟರು. ಗುವಾಂಟೊಗೆ ಕಡ್ಡಿ ಸಾಕು. ಮೂಲೆಯ ಆ ಕೆಂಪು ಗಿಡವನ್ನು ಕೀಳುವ ಮೊದಲು ಅದರ ಕೊನೆಯ ಹೂಗಳ ಪರಾಗ ತೆಗೆದುಕೊಳ್ಳಬೇಕಿತ್ತು.

ಆ ಸಂಜೆ ದೆಲ್ಫಿನಾ ಹಳದಿಯ ಮೊಗ್ಗನ್ನು ಮೆಲ್ಲಗೆ ಬಿಡಿಸಿ, ಕೇಸರಗಳನ್ನು ಕಿತ್ತು, ಕೆಂಪಿನ ಪುಡಿಯನ್ನು ಕಡ್ಡಿಯ ತುದಿಗೆ ಸವರಿದಳು. ಒಬ್ದೂಲಿಯಾ ಹುಲ್ಲಿನ ಎಳೆ ಹಿಡಿದು ನಿಂತಿದ್ದಳು.

"ಇದರಲ್ಲಿ ಕೆಂಪೂ ಪರಿಮಳಾನೂ ಎರಡೂ ಬರುತ್ತಾ?"

"ಬರಬಹುದು. ಬರದೇನೂ ಇರಬಹುದು. ನನಗೆ ಗೊತ್ತಿಲ್ಲ."

"ಹೂ ಬಿಡೋದು ಯಾವಾಗ?"

"ಮೂರು ವರ್ಷ. ನಾಲ್ಕೂ ಆಗಬಹುದು."

"ಅಲ್ಲೀತನಕ ನನ್ನ ಮೂಗು ಕಾಪಾಡ್ಕೋಬೇಕು ಅನ್ನಿ." ಒಬ್ದೂಲಿಯಾ ಗಿಡದ ಕೆಳಗಿಂದ ಒಂದು ಹೆಜ್ಜೆ ಈಚೆ ಬಂದಳು. "ಇದರ ಕೆಳಗೆ ನಿದ್ದೆ ಮಾಡಿದ್ರೆ ಬುದ್ಧಿ ಕೆಡುತ್ತೆ ಅಂತಿದ್ರು ನಮ್ಮಜ್ಜಿ. ನಿಮಗೇನು, ಕಳ್ಕೊಳ್ಳೋಕೆ ಉಳಿದಿದ್ರೆ ತಾನೆ."

ದೆಲ್ಫಿನಾ ನಕ್ಕಳು. ಎಳೆಯನ್ನು ಸುತ್ತಿ ಮೊಗ್ಗಿನ ಬಾಯಿ ಕಟ್ಟಿದಳು. ಸರಿಯಾಗಿದೆಯೋ ಇಲ್ಲವೋ ಎಂದು ಬಿಚ್ಚಿ ಮತ್ತೆ ಕಟ್ಟಿದಳು. ತೊಟ್ಟಿಯ ಬಳಿ ಬಿಳಿ ಹೂಗಳು ಕತ್ತಲಿಗೆ ಬೆಳಗುತ್ತಿದ್ದವು. ಅವು ಈಗ ಪರಿಮಳ ಬಿಡುತ್ತಿರಬೇಕು. ತನಗೆ ಇನ್ನೆಂದೂ ಅದು ಸಿಗದಿರಬಹುದು ಎಂದು ಮನಸ್ಸಿನೊಳಗೇ ಒಪ್ಪಿಕೊಂಡಳು. ಒಪ್ಪಿಕೊಂಡ ಮೇಲೆ, ಅಂದುಕೊಂಡಷ್ಟು ನೋಯಲಿಲ್ಲ.

ಒಬ್ದೂಲಿಯಾ ತಟ್ಟನೆ ಮುಖ ಮನೆಯ ಕಡೆ ತಿರುಗಿಸಿ ಗಾಳಿಯನ್ನು ಎಳೆದುಕೊಂಡಳು.

"ಒಲೆ ಮೇಲೆ ಏನಿಟ್ಟಿದೀರಿ?"

"ಆಲೂಗಡ್ಡೆ ಸಾರು. ನಿಮಗೂ ಸೇರಿಸಿ."

"ತಳ ಹಿಡೀತಿದೆ."

ದೆಲ್ಫಿನಾ ಓಡಿದಳು.

"ಮೊದಲು ಕೈ ತೊಳೀರಿ!" ಹಿಂದಿನಿಂದ ಒಬ್ದೂಲಿಯಾ ಕೂಗಿದಳು. "ಆ ಪುಡಿ ಕೈಯಲ್ಲಿ ಸೌಟು ಮುಟ್ಟಬೇಡಿ! ನಿಲ್ಲಿ, ನಾನೇ ಬಂದೆ."